ಶಾಲೆಗೆ ಬರಲು ಸ್ವ್ಯಾಬ್ ಟೆಸ್ಟ್ ಕಡ್ಡಾಯ ಮಾಡಬೇಡಿ: ಮಂಡ್ಯ ಜಿಲ್ಲಾಡಳಿತಕ್ಕೆ ಒಬ್ಬ ತಾಯಿಯ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಮಾನ್ಯ ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ,
ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು,
ಮಂಡ್ಯ ಜಿಲ್ಲೆ.

ವಿಷಯ: ಸರ್ಕಾರಿ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ವೈರಸ್ ಪರೀಕ್ಷೆ ಕಡ್ಡಾಯ ಮಾಡಬಾರದೆಂಬ ಮನವಿ.

ಮಾನ್ಯರೇ,

ನಮಸ್ಕಾರ. ನಾನು ಮದ್ದೂರು ತಾಲೂಕಿನ ಒಂದು ಹಳ್ಳಿಯವಳು. ನನ್ನ ಇಬ್ಬರು ಮಕ್ಕಳೂ ಸರ್ಕಾರಿ ಶಾಲೆಯಲ್ಲೇ ಓದುತ್ತಿದ್ದಾರೆ. ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಾನೂ ಒಬ್ಬಳು ಸದಸ್ಯೆ. ಮೊನ್ನೆಯ ಸಭೆಯಲ್ಲಿ ಒಂದು ಮಾತು ಬಂತು. ಇನ್ನು ಮುಂದೆ ಕೊರೊನಾ ತರಹದ ಸೋಂಕು ಹರಡುವ ಸುದ್ದಿ ಬಂದ ಕೂಡಲೇ ಎಲ್ಲ ಮಕ್ಕಳಿಗೂ ಟೆಸ್ಟ್ ಮಾಡಿಸಬೇಕು, ರಿಪೋರ್ಟ್ ಇಲ್ಲದ ಮಗುವನ್ನು ತರಗತಿಗೆ ಕೂರಿಸಬಾರದು ಅಂತ. ಇದು ಆದೇಶವೋ, ಸಲಹೆಯೋ, ಯಾರೋ ಒಬ್ಬರ ಅಭಿಪ್ರಾಯವೋ ಎಂದು ಕೇಳಿದರೆ ಸರಿಯಾದ ಉತ್ತರ ಸಿಗಲಿಲ್ಲ. "ಮೇಲಿಂದ ಬರುತ್ತೆ, ರೆಡಿ ಇರಿ" ಅಂದರು. ಅಂಥ ಆದೇಶ ಬರುವ ಮೊದಲೇ ನಮ್ಮ ಮಾತು ನಿಮಗೆ ತಲುಪಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ನಾನು ಟೆಸ್ಟ್‌ನ ವಿರೋಧಿಯಲ್ಲ. ಕೊರೊನಾ ಸುಳ್ಳು ಅಂತಲೂ ಹೇಳುತ್ತಿಲ್ಲ. ಎರಡನೇ ಅಲೆಯಲ್ಲಿ ನಮ್ಮೂರಲ್ಲೂ ಹೆಣಗಳು ಎದ್ದಿವೆ. ಲಸಿಕೆ ಹಾಕಿಸಿಕೊಳ್ಳಿ ಅಂತ ಆಶಾ ಕಾರ್ಯಕರ್ತೆಯ ಜೊತೆ ಮನೆಮನೆ ತಿರುಗಿದವಳು ನಾನು. ಮಗುವಿಗೆ ಜ್ವರ ಬಂದಿದೆ, ಡಾಕ್ಟರು ನೋಡಿ ಟೆಸ್ಟ್ ಬೇಕು ಅಂದರು, ಅಪ್ಪ ಅಮ್ಮ ಒಪ್ಪಿದರು. ಇದರಲ್ಲಿ ಯಾರಿಗೂ ತಕರಾರಿಲ್ಲ. ಚೆನ್ನಾಗಿ ಆಡಿಕೊಂಡಿರುವ ಮಗುವಿಗೆ, ಹೆತ್ತವರನ್ನು ಕೇಳದೆ ಟೆಸ್ಟ್ ಮಾಡುವುದು, ಆಮೇಲೆ ಆ ಚೀಟಿ ತೋರಿಸಿದರೆ ಮಾತ್ರ ಪಾಠ, ಊಟ ಎನ್ನುವುದು ಬೇರೆ ವಿಷಯ. ನನ್ನ ವಿರೋಧ ಇದಕ್ಕೆ.

2021ರ ಡಿಸೆಂಬರ್‌ನಲ್ಲಿ ನಾನು ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ. ಯಾವ ಶಾಲೆ, ಯಾವ ತಂಡ ಎಂದು ಹೆಸರು ಹೇಳುವುದಿಲ್ಲ. ಯಾರ ಮೇಲೋ ಕ್ರಮ ಆಗಲಿ ಅಂತ ಇದನ್ನು ಬರೆಯುತ್ತಿಲ್ಲ. ಅವತ್ತು ಬೆಳಿಗ್ಗೆ ಶಾಲೆಗೆ ಟೆಸ್ಟ್ ತಂಡ ಬಂತು. ಮನೆಗಳಿಗೆ ಯಾರೂ ಮೊದಲೇ ತಿಳಿಸಿರಲಿಲ್ಲ. ಕಬ್ಬು ಕಟಾವಿನ ಕಾಲ, ಅಪ್ಪ ಅಮ್ಮಂದಿರೆಲ್ಲ ಗದ್ದೆಯಲ್ಲಿ. ನಾನು ಮಗಳಿಗೆ ಮರೆತುಹೋದ ನೀರಿನ ಬಾಟಲಿ ಕೊಡಲು ಹೋದವಳು ಅಲ್ಲೇ ನಿಂತೆ. ಜಗುಲಿಯ ಮೇಲೆ ಮಕ್ಕಳ ಸಾಲು. ಒಂದು ಡೆಸ್ಕಿನ ಮೇಲೆ ಟ್ರೇ, ಅದರಲ್ಲಿ ಟ್ಯೂಬುಗಳು. ಒಬ್ಬರು ಹೆಸರು ಮತ್ತು ಮೊಬೈಲ್ ನಂಬರ್ ಬರೆದುಕೊಳ್ಳುತ್ತಿದ್ದರು, ಇನ್ನೊಬ್ಬರು ಮೂಗಿಗೆ ಕಡ್ಡಿ ಹಾಕುತ್ತಿದ್ದರು. ಎಷ್ಟೋ ಮಕ್ಕಳಿಗೆ ಅಪ್ಪನ ನಂಬರ್ ನೆನಪಿಲ್ಲ. ಗೊತ್ತಿದ್ದವರ ನಂಬರನ್ನೇ ಪಕ್ಕದ ಮಗುವಿಗೂ ಬರೆದರು. ಎರಡನೇ ಕ್ಲಾಸಿನ ಒಂದು ಹುಡುಗಿ ಎರಡು ಕೈಯಲ್ಲೂ ಮೂಗು ಮುಚ್ಚಿಕೊಂಡು ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ದೊಡ್ಡ ಹುಡುಗಿಯರಿಬ್ಬರು ಬಂದು ಅವಳ ಕೈ ಹಿಡಿದರು. ಹಾಗೆ ಮಾಡಿ ಅಂತ ಅವರಿಗೆ ಹೇಳಿದ್ದರು. ಕಡ್ಡಿ ಹಾಕಿಸಿಕೊಂಡ ಮೇಲೆ ಅವಳು ಅಳಲೂ ಇಲ್ಲ. ಕಣ್ಣಲ್ಲಿ ನೀರು ಸುರಿಸಿಕೊಂಡು ಹೋಗಿ ತನ್ನ ಜಾಗದಲ್ಲಿ ಕೂತಳು.

ಆ ತಂಡದವರು ಕೆಟ್ಟವರಲ್ಲ. ಬೆವರಿ ಒದ್ದೆಯಾಗಿದ್ದರು, ಮಧ್ಯಾಹ್ನದೊಳಗೆ ಇನ್ನೊಂದು ಶಾಲೆ ಮುಗಿಸಬೇಕಿತ್ತು. "ಟಾರ್ಗೆಟ್ ಇದೆ ಅಕ್ಕ" ಅಂದರು. ಮಾಡಿಸಲ್ಲ ಅಂದ ಮೂರ್ನಾಲ್ಕು ಮಕ್ಕಳನ್ನು ಹೊರಗೆ ಮರದ ಕೆಳಗೆ ಕೂರಿಸಿದ್ದರು. ಬಿಸಿಯೂಟದ ಗಂಟೆ ಹೊಡೆದಾಗ ಅವರಿಗೆ ಒಳಗೆ ಬರಲು ಬಿಡಲಿಲ್ಲ. ಅಡುಗೆಯಮ್ಮ ತಾನೇ ತಟ್ಟೆ ಹಿಡಿದುಕೊಂಡು ಹೋಗಿ ಕೊಟ್ಟು ಬಂದಳು. ಅವಳು ಹೋಗದಿದ್ದರೆ ಆ ಮಕ್ಕಳು ಹಸಿದುಕೊಂಡೇ ಮನೆಗೆ ಹೋಗಬೇಕಿತ್ತು.

ರಿಪೋರ್ಟ್ ಬಂದಿದ್ದು ನಾಲ್ಕು ದಿನ ಆದಮೇಲೆ. ಒಬ್ಬ ಹುಡುಗನಿಗೆ ಪಾಸಿಟಿವ್. ಅವನಿಗೆ ಕೆಮ್ಮೂ ಇಲ್ಲ, ನೆಗಡಿಯೂ ಇಲ್ಲ. ಆ ನಾಲ್ಕು ದಿನವೂ ಎಲ್ಲರ ಜೊತೆ ಕೂತು ಉಂಡಿದ್ದ, ಆಡಿದ್ದ. ಸೋಂಕು ತಡೆಯೋಕೆ ಮಾಡಿದ ಟೆಸ್ಟ್‌ನ ಫಲಿತಾಂಶ ನಾಲ್ಕು ದಿನ ತಡವಾಗಿ ಬಂದರೆ ಅದು ಯಾರನ್ನು ಕಾಪಾಡಿತು? ಉಪಯೋಗ ಆಗಲಿಲ್ಲ, ಹಾನಿ ಮಾತ್ರ ತಡವಿಲ್ಲದೆ ಆಯಿತು. ಮೆಸೇಜ್ ಹೋಗಿದ್ದು ಬೇರೆಯವರ ಫೋನಿಗೆ. ಹುಡುಗನ ತಾಯಿಗೆ ಗೊತ್ತಾಗುವ ಮೊದಲು ಅರ್ಧ ಊರಿಗೆ ಗೊತ್ತಾಗಿತ್ತು. ಮಾರನೇ ದಿನ ಬೆಳಿಗ್ಗೆ ಡೈರಿಯಲ್ಲಿ ಅವರ ಹಾಲಿನ ಕ್ಯಾನನ್ನು ಸಾಲಿನಿಂದ ಪಕ್ಕಕ್ಕೆ ಇಡಿಸಿದರು. ಅಳೆಯಲೂ ಇಲ್ಲ, ಫ್ಯಾಟ್ ನೋಡಲೂ ಇಲ್ಲ. ಆಕೆ ತುಂಬಿದ ಕ್ಯಾನ್ ಹೊತ್ತುಕೊಂಡು ವಾಪಸ್ ಬಂದಳು. ಎರಡು ಹಸುವಿನ ಮೇಲೆ ನಡೆಯುವ ಮನೆ ಅದು. ಮಂಡ್ಯದಲ್ಲಿ ಡೈರಿಯ ಬಟವಾಡೆ ಅಂದರೆ ಎಷ್ಟು ಮನೆಗಳ ಅಕ್ಕಿ, ಬೇಳೆ, ಮಕ್ಕಳ ಪುಸ್ತಕ ಅಂತ ನಿಮಗೆ ನಾನು ಹೇಳಬೇಕಿಲ್ಲ. ಆಮೇಲೆ ಸಾಲ ಮಾಡಿ ಖಾಸಗಿ ಲ್ಯಾಬಿನಲ್ಲಿ ಮಾಡಿಸಿದಾಗ ಹುಡುಗನಿಗೆ ನೆಗೆಟಿವ್ ಬಂತು. ಮೊದಲನೆಯದು ತಪ್ಪಿತ್ತೋ, ಅಷ್ಟರಲ್ಲಿ ವಾಸಿಯಾಗಿತ್ತೋ, ಟ್ಯೂಬ್ ಅದಲುಬದಲಾಗಿತ್ತೋ ಯಾರೂ ಹೇಳಲಿಲ್ಲ. ಆ ಹುಡುಗ ಸಂಕ್ರಾಂತಿ ಮುಗಿಯುವವರೆಗೂ ಶಾಲೆಯ ಕಡೆ ತಲೆ ಹಾಕಲಿಲ್ಲ.

ಇದಾಗಿ ಸ್ವಲ್ಪ ದಿನಕ್ಕೇ, 2022ರ ಜನವರಿ 10ರಂದು, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೊಸ ಸಲಹೆ ಹೊರಡಿಸಿತು. ಸಮುದಾಯದಲ್ಲಿ ರೋಗಲಕ್ಷಣ ಇಲ್ಲದವರಿಗೆ ಟೆಸ್ಟ್ ಬೇಕಾಗಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ. ಸೋಂಕಿತರ ಸಂಪರ್ಕಕ್ಕೆ ಬಂದವರಿಗೂ, ವಯಸ್ಸು ಅಥವಾ ಬೇರೆ ಕಾಯಿಲೆಯಿಂದ ಅಪಾಯ ಜಾಸ್ತಿ ಇದ್ದರೆ ಮಾತ್ರ ಟೆಸ್ಟ್ ಎಂದಿತ್ತು. ಒಮಿಕ್ರಾನ್ ಏರುತ್ತಿದ್ದ ಹೊತ್ತಿನಲ್ಲಿ ದೇಶದ ದೊಡ್ಡ ವೈದ್ಯಕೀಯ ಸಂಸ್ಥೆಯೇ ಹೇಳಿದ ಮಾತು ಇದು. ಆಗಲೇ ಬೇಡ ಅಂದಿದ್ದು ಈಗ ಯಾಕೆ ಬೇಕು?

ಲೆಕ್ಕವನ್ನೂ ಸ್ವಲ್ಪ ನೋಡಿ. 2020ರ ಜೂನ್‌ನಲ್ಲಿ ಮೊದಲ ರ‍್ಯಾಪಿಡ್ ಆಂಟಿಜೆನ್ (ಲ್ಯಾಬಿಗೆ ಕಳಿಸದೆ ಅಲ್ಲೇ ಫಲಿತಾಂಶ ಕೊಡುವ) ಕಿಟ್‌ಗೆ ಒಪ್ಪಿಗೆ ಕೊಟ್ಟಾಗ ಐಸಿಎಂಆರ್ ತಾನೇ ಅಂಕಿ ಕೊಟ್ಟಿತ್ತು. ಸೋಂಕು ಇಲ್ಲದವರನ್ನು ಇಲ್ಲ ಅಂತ ಸರಿಯಾಗಿ ಹೇಳುವುದು 99.3ರಿಂದ 100 ಪರ್ಸೆಂಟ್. ಸೋಂಕು ಇದ್ದವರನ್ನು ಹಿಡಿಯುವುದು 50.6ರಿಂದ 84 ಪರ್ಸೆಂಟ್. 300 ಮಕ್ಕಳ ಶಾಲೆ ಅಂದುಕೊಳ್ಳಿ. ಒಬ್ಬರಿಗೂ ಸೋಂಕು ಇಲ್ಲದಿದ್ದರೂ, ಆ 99.3ರ ಲೆಕ್ಕದಲ್ಲಿ ಇಬ್ಬರು ಮಕ್ಕಳಿಗೆ ಸುಮ್ನೆ ಪಾಸಿಟಿವ್ ಬರುತ್ತದೆ. ಆ ಇಬ್ಬರ ಮನೆಯಲ್ಲಿ ಏನಾಗುತ್ತದೆ ಅಂತ ಮೇಲೆ ಹೇಳಿದ್ದೇನೆ. ಇನ್ನು ನಿಜವಾಗಿ ಸೋಂಕು ಇರುವ ಹತ್ತು ಮಕ್ಕಳಿದ್ದರೆ, ಆ 50.6ರ ಲೆಕ್ಕದಲ್ಲಿ ಐವರು ನೆಗೆಟಿವ್ ಚೀಟಿ ಹಿಡಿದುಕೊಂಡು ಒಳಗೆ ಬರುತ್ತಾರೆ. ಚೀಟಿ ಇದೆಯಲ್ಲ ಅಂತ ಎಲ್ಲರೂ ನಿರಾಳವಾಗಿ ಇರುತ್ತಾರೆ. ಆರ್‌ಟಿ-ಪಿಸಿಆರ್ ಇದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ, ನಿಜ. ಆದರೆ ಅದರ ಫಲಿತಾಂಶ ಲ್ಯಾಬಿನಿಂದ ಬರಬೇಕು. ಜೊತೆಗೆ, ವಾಸಿಯಾಗಿ ವಾರಗಳು ಕಳೆದರೂ ಮೂಗಿನಲ್ಲಿ ಉಳಿದ ಸತ್ತ ವೈರಸ್ಸಿನ ತುಣುಕಿಗೂ ಅದು ಪಾಸಿಟಿವ್ ಅನ್ನಬಹುದು. ಡಾಕ್ಟರು ರೋಗಿಯನ್ನು ನೋಡಿ, ವಿಚಾರಿಸಿ, ಆಮೇಲೆ ಮಾಡಿಸಿದಾಗ ಈ ಟೆಸ್ಟ್‌ಗಳು ಕೆಲಸಕ್ಕೆ ಬರುತ್ತವೆ. ಸಾಲಾಗಿ ನಿಲ್ಲಿಸಿ ಜರಡಿ ಹಿಡಿಯೋಕೆ ಅಲ್ಲ.

ಇನ್ನೂ ಒಂದು ವಿಷಯ. 2021ರ ಜೂನ್–ಜುಲೈನಲ್ಲಿ ಐಸಿಎಂಆರ್ ನಡೆಸಿದ ನಾಲ್ಕನೇ ಸೀರೋ ಸರ್ವೆಯಲ್ಲಿ (ಸೋಂಕು ಬಂದು ಹೋದ ಗುರುತಾದ ಆಂಟಿಬಾಡಿಯನ್ನು ರಕ್ತದಲ್ಲಿ ಹುಡುಕುವ ಸಮೀಕ್ಷೆ) 6ರಿಂದ 9 ವರ್ಷದ ಮಕ್ಕಳಲ್ಲಿ 57.2 ಪರ್ಸೆಂಟ್, 10ರಿಂದ 17 ವರ್ಷದವರಲ್ಲಿ 61.6 ಪರ್ಸೆಂಟ್ ಮಂದಿಗೆ ಆಂಟಿಬಾಡಿ ಸಿಕ್ಕಿತ್ತು. ಆಗ ಮಕ್ಕಳಿಗೆ ಲಸಿಕೆಯೇ ಶುರುವಾಗಿರಲಿಲ್ಲ. ಹೆಚ್ಚಿನ ಕಡೆ ಶಾಲೆಯೂ ಮುಚ್ಚಿತ್ತು. ಅಂದರೆ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಸೋಂಕು ಮನೆಯಲ್ಲೇ, ಬೀದಿಯಲ್ಲೇ ಬಂದು ಹೋಗಿತ್ತು. ಶಾಲೆಯ ಗೇಟಿನಲ್ಲಿ ಕಡ್ಡಿ ಹಿಡಿದು ನಿಂತರೆ ಅದು ನಿಲ್ಲುತ್ತದೆ ಅಂತ ನಂಬೋದು ಹೇಗೆ?

ಬೇರೆ ದೇಶಗಳಲ್ಲಿ ಮಾಡಿದ್ದರಲ್ಲ ಅಂತ ಸಭೆಯಲ್ಲಿ ಒಬ್ಬರು ಹೇಳಿದರು. ಹೌದು, ಆಸ್ಟ್ರಿಯಾದಲ್ಲಿ 2021ರಲ್ಲಿ ಶಾಲೆಗೆ ಬರಲು ಟೆಸ್ಟ್ ಕಡ್ಡಾಯ ಇತ್ತು. ಆದರೆ ಇಂಗ್ಲೆಂಡಿನಲ್ಲಿ ಅದೇ ವರ್ಷ ಮಾರ್ಚ್‌ನಲ್ಲಿ ಹೈಸ್ಕೂಲು ಮಕ್ಕಳಿಗೆ ವಾರಕ್ಕೆ ಎರಡು ಸಲ ಟೆಸ್ಟ್ ಶುರು ಮಾಡಿದಾಗ ಅದು ಒಪ್ಪಿದವರಿಗೆ ಮಾತ್ರ. ಬೇಡ ಅಂದ ಮಗುವನ್ನು ತರಗತಿಯಿಂದ ಹೊರಗೆ ಹಾಕುವಂತಿರಲಿಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2022ರ ಆಗಸ್ಟ್‌ನಲ್ಲಿ, ಶಾಲೆಗಳಲ್ಲಿ ಲಕ್ಷಣ ಇಲ್ಲದ ಮಕ್ಕಳಿಗೆ ವಾಡಿಕೆಯಂತೆ ಟೆಸ್ಟ್ ಮಾಡುವ ಶಿಫಾರಸನ್ನೇ ಕೈಬಿಟ್ಟಿತು. ಕಿಟ್ಟಿಗೆ ಬರವಿಲ್ಲದ, ಅದೇ ದಿನ ಫಲಿತಾಂಶ ಸಿಗುವ ದೇಶಗಳ ಕಥೆ ಇದು.

ನಮ್ಮ ರಾಜ್ಯ ಸರ್ಕಾರವೂ ಸರಿಯಾದ ದಾರಿಯಲ್ಲೇ ಇದೆ. 2025ರ ಮೇ ಕೊನೆಯಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಕೊರೊನಾ ಮತ್ತೆ ಕಾಣಿಸಿಕೊಂಡಾಗ ಹೊರಡಿಸಿದ ಸುತ್ತೋಲೆಯಲ್ಲಿ ಇದ್ದದ್ದು ಇಷ್ಟು: ಜ್ವರ, ಕೆಮ್ಮು, ನೆಗಡಿ ಇರುವ ಮಗುವನ್ನು ಶಾಲೆಗೆ ಕಳಿಸಬೇಡಿ, ಡಾಕ್ಟರಿಗೆ ತೋರಿಸಿ, ವಾಸಿಯಾದ ಮೇಲೆ ಕಳಿಸಿ. ಲಕ್ಷಣ ಇಟ್ಟುಕೊಂಡು ಶಾಲೆಗೆ ಬಂದರೆ ಮನೆಯವರಿಗೆ ತಿಳಿಸಿ ವಾಪಸ್ ಕಳಿಸಿ. ನಮ್ಮೂರ ತಾಯಂದಿರಿಗೆ ಇದು ಒಂದೇ ಸಲಕ್ಕೆ ಅರ್ಥವಾಯಿತು, ಪಾಲಿಸಿದರು ಕೂಡ. ರಾಜ್ಯ ಕೇಳದ ಕಡ್ಡಾಯವನ್ನು ತಾಲೂಕು ಮಟ್ಟದಲ್ಲಿ, ಶಾಲೆಯ ಮಟ್ಟದಲ್ಲಿ ಯಾರೂ ಹೊಸದಾಗಿ ಸೇರಿಸುವುದು ಬೇಡ.

ಕಾನೂನಿನ ಮಾತಿಗೆ ಬರುತ್ತೇನೆ. ನಾನು ವಕೀಲೆಯಲ್ಲ, ಓದಿ ತಿಳಿದುಕೊಂಡದ್ದನ್ನು ಹೇಳುತ್ತೇನೆ. ಸಾಂಕ್ರಾಮಿಕದ ಕಾಲದಲ್ಲಿ ಸರ್ಕಾರಕ್ಕೆ ವಿಶೇಷ ಅಧಿಕಾರ ಇರುತ್ತದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 2022ರ ಮೇ 2ರಂದು ಸುಪ್ರೀಂ ಕೋರ್ಟು, ಲಸಿಕೆಯ ವಿಷಯದಲ್ಲಿ, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ತನ್ನ ದೇಹದ ಮೇಲಿನ ಹಕ್ಕು ಸಂವಿಧಾನದ 21ನೇ ವಿಧಿಯಲ್ಲಿ ಬರುತ್ತದೆ ಎಂದು ಹೇಳಿದೆ. ಎಚ್‌ಐವಿಯಂಥ ವೈರಸ್ಸಿನ ವಿಷಯದಲ್ಲೇ 2017ರ ಕಾಯ್ದೆ ಏನು ಹೇಳುತ್ತದೆ ನೋಡಿ. ತಿಳಿಸಿ ಹೇಳಿ ಒಪ್ಪಿಗೆ ಪಡೆಯದೆ ಟೆಸ್ಟ್ ಮಾಡುವಂತಿಲ್ಲ. ಫಲಿತಾಂಶ ಗುಟ್ಟಾಗಿ ಇರಬೇಕು. ಅದನ್ನು ಮುಂದಿಟ್ಟುಕೊಂಡು ಶಾಲೆಯಲ್ಲಿ ಭೇದ ಮಾಡುವಂತಿಲ್ಲ. ಅಂಥ ಕಾಯಿಲೆಗೇ ಇಷ್ಟು ಎಚ್ಚರ ಇರುವಾಗ, ಹೆಚ್ಚಿನ ಮಕ್ಕಳಿಗೆ ನೆಗಡಿಯಂತೆ ಬಂದು ಹೋಗುವ ಸೋಂಕಿಗೆ ಅವರ ಒಪ್ಪಿಗೆಯೂ ಬೇಡ, ಹೆತ್ತವರ ಒಪ್ಪಿಗೆಯೂ ಬೇಡ ಅಂದರೆ ಹೇಗೆ?

ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯಲ್ಲಿ 6ರಿಂದ 14 ವರ್ಷದ ಮಗುವಿಗೆ ಶಾಲೆ ಅನ್ನೋದು ಹಕ್ಕು. ವಯಸ್ಸಿನ ದಾಖಲೆ ಇಲ್ಲ ಅನ್ನುವ ಕಾರಣಕ್ಕೂ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ ಅಂತ ಅದರಲ್ಲಿದೆ. ಬಿಸಿಯೂಟವೂ ಹಕ್ಕೇ, 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಬರೆದಿದೆ. ಜನನ ಪ್ರಮಾಣಪತ್ರ ಇಲ್ಲದ ಮಗುವಿಗೂ ತೆರೆದಿರುವ ಬಾಗಿಲು, ಟೆಸ್ಟ್ ಚೀಟಿ ಇಲ್ಲ ಅಂತ ಮುಚ್ಚಬೇಕಾ? ಖಾಸಗಿ ಶಾಲೆಯ ಮಗುವಿಗೆ ಒಂದು ವಾರ ಹೋಗಬೇಡ ಅಂದರೆ ಮನೆಯಲ್ಲಿ ಫೋನ್ ಇದೆ, ಆನ್‌ಲೈನ್ ಕ್ಲಾಸ್ ಇದೆ. ನಮ್ಮ ಮಕ್ಕಳಿಗೆ ಒಂದು ವಾರ ಅಂದರೆ ಪಾಠವೂ ಹೋಯಿತು, ಹಾಲು, ಮೊಟ್ಟೆ, ಅನ್ನ ಸಾರೂ ಹೋಯಿತು. ಹೆಣ್ಣುಮಕ್ಕಳಾದರೆ ಮನೆಗೆಲಸಕ್ಕೆ, ಗಂಡುಮಕ್ಕಳಾದರೆ ಆಲೆಮನೆಗೆ, ಗಾರೆ ಕೆಲಸಕ್ಕೆ.

ಇದು ಸುಮ್ನೆ ಹೇಳುವ ಮಾತಲ್ಲ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದನೇ ತರಗತಿಗಳು ನಮ್ಮ ರಾಜ್ಯದಲ್ಲಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ನಡುವೆ ವಿದ್ಯಾಗಮ ಅಂತ ಮರದಡಿ, ದೇವಸ್ಥಾನದ ಜಗುಲಿಯಲ್ಲಿ ಪಾಠ ನಡೆದು ಅದೂ ನಿಂತಿತು. ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ ವರದಿ ಪ್ರಕಾರ ದೇಶದ ಹಳ್ಳಿಗಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲ ಮೂರನೇ ತರಗತಿಯ ಮಕ್ಕಳು 2018ರಲ್ಲಿ 27.3 ಪರ್ಸೆಂಟ್ ಇದ್ದವರು 2022ರಲ್ಲಿ 20.5ಕ್ಕೆ ಇಳಿದರು. ಆ ಇಳಿದವರು ಯಾರು ಅಂತ ನಮ್ಮ ಮೇಷ್ಟ್ರುಗಳಿಗೆ ಹೆಸರು ಸಮೇತ ಗೊತ್ತು. ಆಗ ಅಕ್ಷರ ಕಲಿಯಬೇಕಿದ್ದ ಮಕ್ಕಳು ಇವತ್ತಿಗೂ ಜೋರಾಗಿ ಓದು ಅಂದರೆ ತಲೆ ತಗ್ಗಿಸುತ್ತಾರೆ. ಇಂಥ ಮಕ್ಕಳಿಗೆ ಇನ್ನು ಒಂದು ದಿನವನ್ನೂ ಕಾರಣವಿಲ್ಲದೆ ತಪ್ಪಿಸಬಾರದು.

ನಮ್ಮ ಸೀಮೆಗೆ ಸಾಂಕ್ರಾಮಿಕ ಹೊಸದಲ್ಲ. 1898ರಲ್ಲಿ ಪ್ಲೇಗ್ ಬಂದಾಗ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಬಲವಂತದ ಕ್ರಮಗಳ ವಿರುದ್ಧ ಜನ ದಂಗೆ ಎದ್ದಿದ್ದರು. ಜನ ಹೆದರಿ ಕಾಯಿಲೆಯನ್ನೇ ಬಚ್ಚಿಟ್ಟರೆ ಅದು ಇನ್ನೂ ಹರಡುತ್ತದೆ. ಆಮೇಲೆ ಮೈಸೂರು ಏನು ಮಾಡಿತು? 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಕಟ್ಟಿತು. ಇಕ್ಕಟ್ಟಾದ ಕೇರಿಗಳ ಬದಲು ಗಾಳಿ ಬೆಳಕು ಬರುವ ಹೊಸ ಬಡಾವಣೆ, ಅಗಲವಾದ ರಸ್ತೆ, ಚರಂಡಿ ಮಾಡಿತು. ಇವತ್ತಿಗೂ ಮೈಸೂರು ಅಂದರೆ ಜನ ಮೆಚ್ಚುವುದು ಆ ಅಗಲವಾದ ರಸ್ತೆಗಳನ್ನೇ ಅಲ್ವಾ?

ಗಾಳಿಯಲ್ಲಿ ಹರಡುವ ಸೋಂಕಿಗೆ ಗಾಳಿಯೇ ದೊಡ್ಡ ಮದ್ದು. ನಮ್ಮ ಶಾಲೆಯ ನಲಿಕಲಿ ಕೊಠಡಿಗೆ ಒಮ್ಮೆ ಬಂದು ನೋಡಿ. ನಾಲ್ಕು ಕಿಟಕಿಯಲ್ಲಿ ಎರಡು ತುಕ್ಕು ಹಿಡಿದು ತೆರೆಯುವುದೇ ಇಲ್ಲ. ಒಂದಕ್ಕೆ ಮಂಗಗಳ ಕಾಟಕ್ಕೆ ತಗಡು ಹೊಡೆದಿದ್ದಾರೆ. ಊಟಕ್ಕೆ ಮುಂಚೆ ಕೈ ತೊಳೆಯೋ ಸಾಲಿನಲ್ಲಿ ಐದು ನಲ್ಲಿ ಇದೆ, ನೀರು ಬರುವುದು ಎರಡರಲ್ಲಿ. ಸೋಪು ಮೇಷ್ಟ್ರು ಸ್ವಂತ ದುಡ್ಡಲ್ಲಿ ತರುತ್ತಾರೆ. ಟೆಸ್ಟ್ ಕಿಟ್ಟಿಗೆ, ತಂಡದ ಓಡಾಟಕ್ಕೆ, ಡೇಟಾ ಎಂಟ್ರಿಗೆ ದುಡ್ಡು ಇದೆ ಅಂದರೆ, ದಯವಿಟ್ಟು ಅದರಲ್ಲಿ ಈ ಕಿಟಕಿ, ಈ ನಲ್ಲಿ ಮೊದಲು ಸರಿ ಮಾಡಿಸಿ. ಅವು ಎಲ್ಲ ಕಾಯಿಲೆಗೂ, ಎಲ್ಲ ವರ್ಷವೂ ಕೆಲಸಕ್ಕೆ ಬರುತ್ತವೆ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರು ಶಾಲೆಗೆ ಬಂದಾಗ ನಾವು ಯಾರೂ ಬೇಡ ಅಂದಿಲ್ಲ. ಕಣ್ಣು, ಹಲ್ಲು, ತೂಕ, ರಕ್ತಹೀನತೆ ನೋಡುತ್ತಾರೆ. ನನ್ನ ಮಗಳಿಗೆ ಕನ್ನಡಕ ಬೇಕು ಅಂತ ಮೊದಲು ಹೇಳಿದ್ದೇ ಅವರು. ಮನೆಯವರನ್ನು ಕರೆಸಿ ಮಾತಾಡಿದರು, ಮುಂದೆ ಎಲ್ಲಿಗೆ ಹೋಗಬೇಕು ಅಂತ ಚೀಟಿ ಬರೆದು ಕೊಟ್ಟರು. ಶಾಲೆಯಲ್ಲಿ ಆರೋಗ್ಯ ತಪಾಸಣೆ ಅಂದರೆ ಹೀಗಿರಬೇಕು.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಮಂಡ್ಯ ಜಿಲ್ಲೆಯ ಯಾವ ಸರ್ಕಾರಿ ಶಾಲೆಯಲ್ಲೂ ಪಾಠಕ್ಕೆ, ಊಟಕ್ಕೆ, ಪರೀಕ್ಷೆಗೆ ವೈರಸ್ ಟೆಸ್ಟ್‌ನ ರಿಪೋರ್ಟ್ ಕೇಳಬಾರದು ಎಂದು ಲಿಖಿತವಾಗಿ ಸುತ್ತೋಲೆ ಕೊಡಿ. ಬಾಯಿಮಾತಿನ ಸೂಚನೆ ಸಾಲದು. ಬಾಯಿಮಾತಿನಲ್ಲಿ ಬಂದ ಕಡ್ಡಾಯವನ್ನು ಪ್ರಶ್ನೆ ಮಾಡಲು ಮುಖ್ಯೋಪಾಧ್ಯಾಯರಿಗೂ ಆಗುವುದಿಲ್ಲ. ಲಕ್ಷಣ ಇರುವ ಮಗುವಿಗೆ ಟೆಸ್ಟ್ ಬೇಕಾದರೆ ಅಪ್ಪ, ಅಮ್ಮ ಅಥವಾ ಪೋಷಕರ ಸಹಿ ಇರುವ ಕನ್ನಡದ ಒಪ್ಪಿಗೆ ಪತ್ರ ಇರಲಿ. ಯಾವ ಟೆಸ್ಟ್, ಯಾಕೆ, ಫಲಿತಾಂಶ ಯಾರಿಗೆ ಹೋಗುತ್ತದೆ ಅಂತ ಅದರಲ್ಲಿ ಬರೆದಿರಲಿ. ಓದು ಬರದವರಿಗೆ ಓದಿ ಹೇಳಿ. ಟೆಸ್ಟನ್ನು ಶಾಲೆಯ ಜಗುಲಿಯಲ್ಲಿ ಮಾಡಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾಡಿ, ಜೊತೆಗೆ ಮನೆಯವರು ಇರಲಿ. ಫಲಿತಾಂಶವನ್ನು ಮನೆಯವರಿಗೇ ಹೇಳಿ, ಶಾಲೆಯ ವಾಟ್ಸಾಪ್ ಗ್ರೂಪಿಗೆ ಹಾಕುವುದು ಬೇಡವೇ ಬೇಡ. ಮಗು ಮನೆಯಲ್ಲಿ ಇರಬೇಕಾಗಿ ಬಂದರೆ ಅಷ್ಟು ದಿನದ ರೇಷನ್ ಮನೆಗೆ ತಲುಪಲಿ, ಹಾಜರಿಯಲ್ಲಿ ಗೈರು ಅಂತ ಹಾಕಬೇಡಿ. ತಂಡಗಳಿಗೆ ಟಾರ್ಗೆಟ್ ಕೊಡುವುದನ್ನು ನಿಲ್ಲಿಸಿ. ಲೆಕ್ಕ ತುಂಬಿಸಬೇಕು ಅಂದಾಗ ಒಪ್ಪಿಗೆ ಕೇಳುವ ವ್ಯವಧಾನ ಯಾರಿಗೂ ಇರುವುದಿಲ್ಲ.

2021ರಲ್ಲಿ ನಡೆದಂಥದ್ದು ಬೇರೆ ಶಾಲೆಗಳಲ್ಲೂ ನಡೆದಿದೆ ಅಂತ ಪಕ್ಕದ ಊರಿನ ತಾಯಂದಿರು ಹೇಳುತ್ತಾರೆ. ಅವರನ್ನೂ ಕರೆದು ಕೇಳಿ. ತಾಲೂಕಿಗೆ ಒಂದು ಸಭೆ ಮಾಡಿ, ಎಸ್‌ಡಿಎಂಸಿಗಳ ಪೋಷಕ ಸದಸ್ಯರನ್ನು, ಆಶಾ ಕಾರ್ಯಕರ್ತೆಯರನ್ನು, ಬಿಸಿಯೂಟದ ಅಡುಗೆಯವರನ್ನು ಕೂರಿಸಿ ಮಾತಾಡಿಸಿ. ಗದ್ದೆ ಕೆಲಸ ಮುಗಿಯುವ ಸಂಜೆ ಹೊತ್ತಿಗೆ ಇಟ್ಟುಕೊಂಡರೆ ಎಲ್ಲರೂ ಬರುತ್ತಾರೆ.

ನಮ್ಮ ಎಸ್‌ಡಿಎಂಸಿಯ ಮುಂದಿನ ಸಭೆ ಬರುವ ತಿಂಗಳ ಮೊದಲ ಶನಿವಾರ ಇದೆ. ಅಷ್ಟರೊಳಗೆ ನಿಮ್ಮಿಂದ ಲಿಖಿತ ಉತ್ತರ ಬಂದರೆ ಅದನ್ನು ಸಭೆಯಲ್ಲಿ ಓದಿ, ಶಾಲೆಯ ನೋಟಿಸ್ ಬೋರ್ಡಿಗೆ ಹಾಕುತ್ತೇವೆ. ಪತ್ರದ ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ತಾಲೂಕು ಆರೋಗ್ಯಾಧಿಕಾರಿಗಳಿಗೂ ಕೊಟ್ಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಸರ್ಕಾರಿ ಶಾಲೆಯ ಇಬ್ಬರು ಮಕ್ಕಳ ತಾಯಿ, ಎಸ್‌ಡಿಎಂಸಿ ಸದಸ್ಯೆ
ಮದ್ದೂರು ತಾಲೂಕು, ಮಂಡ್ಯ ಜಿಲ್ಲೆ